ಎಲ್ಲಕ್ಕಿಂತ ಭಾರವಾದ ಹಗುರ ಲಿನಕ್ಸ್

ನೀರು ಸರಬರಾಜು ಕಚೇರಿಯ ಹಿರಿಯ ಗುಮಾಸ್ತರ ಕಂಪ್ಯೂಟರ್, ಬೆಳಿಗ್ಗೆ ಗುಂಡಿ ಒತ್ತಿದರೆ ಊಟದ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಅಲ್ಲಿಯವರೆಗೆ ಗುಮಾಸ್ತರು ಕಣ್ಣು ಮುಚ್ಚುತ್ತಿದ್ದರು. ಯಾರಾದರೂ ಕೇಳಿದರೆ ಅದರ ಕಡೆ ಗದ್ದ ತೋರಿಸಿ, "ನಾನೇನ್ ಮಾಡ್ಲಿ, ಇದು ಏಳ್ಬೇಕಲ್ಲ" ಎಂದರೆ ಮುಗಿಯಿತು. ಇಂಥ ಸುಖಕ್ಕೆ ಹೊಸ ಮ್ಯಾನೇಜರ್ ಕಲ್ಲು ಹಾಕಿದರು.

"ಹಳೇ ಕಂಪ್ಯೂಟರಿಗೆ ಅಂತಾನೇ, ವಿಂಡೋಸ್ ಬದಲು ಹಾಕೋಕೆ, ಬೇಗ ಏಳೋ ಹಗುರವಾದ ಲಿನಕ್ಸ್‌ಗಳಿವೆಯಂತೆ. ಯಾವುದಾದ್ರೂ ಒಂದು ಆರಿಸಿ ಸಂಜೆಯೊಳಗೆ ಹಾಕಿಸಿ. ಆಗ್ಲಿಲ್ಲ ಅಂದ್ರೆ ಹೊಸಾ ಕಂಪ್ಯೂಟರೇ ತರಿಸ್ತೀನಿ!"

ಸುದ್ದಿ ಕೇಳಿದ್ದೇ ತಡ, ಕ್ಯಾಷಿಯರಮ್ಮ ಬೀಗದ ಕೈ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿಕೊಂಡು ಓಡಿ ಬಂದರು. "ನನ್ ಲಿನಕ್ಸ್ ಹತ್ತಿ ಥರಾ ಹಗುರ ಅಣ್ಣಾ!" ಎಂದು ಹಾಕಿಯೇಬಿಟ್ಟರು. ಗುಮಾಸ್ತರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ತೆರೆ ಝಗ್ಗೆಂದಿತು.

"ಅಯ್ಯೋ, ಬೇಡಮ್ಮ! ಸ್ವಲ್ಪ ಮೈಕೈ ತುಂಬ್ಕೊಂಡಿರೋದು ಇಲ್ವಾ?"

"ಮ್ಯಾನೇಜರ್ ಹೇಳಿದ್ದು ಹಗುರದ್ದು ಅಲ್ವಾ?"

"ಹಗುರದ್ದೇ ಇರ್ಲಿ. ಹಗುರದವುಗಳಲ್ಲೇ ಎಲ್ಲಕ್ಕಿಂತ ಭಾರವಾದದ್ದು ಕೊಡಿ."

ಅಷ್ಟರಲ್ಲಿ ಟಪಾಲು ವಿಭಾಗದವನು ನುಗ್ಗಿ ಬಂದು ತನ್ನದನ್ನು ಹಾಕಿದ. ಅದು ಇನ್ನೂ ಚುರುಕು. ಯಾರದು ವೇಗ ಎಂದು ಇಬ್ಬರಿಗೂ ಜಟಾಪಟಿ ಹತ್ತಿ, ಇವರದನ್ನು ಅವನು ಅಳಿಸಿ, ಅವನದನ್ನು ಇವರು ಅಳಿಸಿ, ಮಧ್ಯಾಹ್ನವೆಲ್ಲ ಅದೇ ಆಯಿತು. ಗುಮಾಸ್ತರಿಗೆ ನಿದ್ದೆಯೂ ಇಲ್ಲ, ಊಟವೂ ಸೇರಲಿಲ್ಲ.

ಜಗಳ ಚಹಾದಂಗಡಿಗೆ ಸಾಗಿದ ಮೇಲೆ ಗುಮಾಸ್ತರು ಬಾಗಿಲು ಹಾಕಿಕೊಂಡು ಕಂಪ್ಯೂಟರನ್ನು ಭಾರ ಮಾಡುವ ಕೆಲಸಕ್ಕೆ ತಾವೇ ಇಳಿದರು. ನೌಕರಿಗೆ ಸೇರಿದಂದಿನಿಂದ ಅಷ್ಟು ದುಡಿದದ್ದು ಅದೇ ಮೊದಲು. ತೆರೆಯ ತುಂಬ ಈಜುವ ಮೀನು ಬಿಟ್ಟರು. ಮೀನಿನ ಮೇಲೆ ಹಿಮ ಸುರಿಸಿದರು. ಮೌಸಿನ ಬಾಣವನ್ನು ಅಟ್ಟಿಸಿಕೊಂಡು ಹೋಗಲು ಬೆಕ್ಕು ಸಾಕಿದರು. ಸಾಲದೆಂದು ಬೆಕ್ಕಿಗೆ ಮರಿಗಳನ್ನೂ ಕೊಟ್ಟಾಗ ಕಂಪ್ಯೂಟರ್ ಏದುಸಿರು ಬಿಟ್ಟು ನಿಂತೇಹೋಯಿತು. ಗುಮಾಸ್ತರಿಗೆ ಆನಂದದಿಂದ ಕಣ್ಣು ತುಂಬಿ ಬಂತು.

ಸಂಜೆ ಮ್ಯಾನೇಜರ್ ಬಂದು ಗುಂಡಿ ಒತ್ತಿದರು. ಕಾದರು. ಬಹಳ ಹೊತ್ತಿನ ಮೇಲೆ ಒಂದು ಮೀನಿನ ಬಾಲ ಮೂಡಿತು.

"ಪೂರ್ತಿ ಏಳೋಕೆ ಎಷ್ಟು ಹೊತ್ತು ಬೇಕ್ರೀ ಇದಕ್ಕೆ?"

"ಬೆಳಿಗ್ಗೆ ಒತ್ತಿದ್ರೆ ಊಟದ ಹೊತ್ತಿಗೆ, ಸಾರ್. ಇದಕ್ಕಿಂತ ಹಗುರದ್ದು ಲೋಕದಲ್ಲೇ ಇಲ್ವಂತೆ."

ಮ್ಯಾನೇಜರ್ ಆಚೀಚೆ ನೋಡಿ ದನಿ ತಗ್ಗಿಸಿದರು. "ಹಿಂದಿನ ಆಫೀಸಲ್ಲಿ ನನ್ ಹತ್ರಾನೂ ಇಂಥದ್ದೇ ಒಂದಿತ್ತು ಕಣ್ರೀ. ಎಂಥಾ ನೆಮ್ಮದಿ ಅಂತೀರಿ! ಇಲ್ಲಿ ನಂಗೆ ಕೊಟ್ಟಿರೋದು ಹಾಳು ಹೊಸದು, ಒಂದು ನಿಮಿಷ ಕೂರೋಕೆ ಬಿಡಲ್ಲ."

ಹಾಗೆಂದವರೇ ತಮ್ಮ ಹೊಸದನ್ನು ತಂದು ಗುಮಾಸ್ತರ ಮೇಜಿನ ಮೇಲಿಟ್ಟರು. ಹಳೆಯದನ್ನು ಮಗುವಿನಂತೆ ಎದೆಗವಚಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡರು. ಒಳಗಿನಿಂದ ಆಕಳಿಕೆಯ ಜೊತೆಗೇ ದನಿ ಬಂತು:

"ನಂದು ಏಳೋವರೆಗೂ ನನ್ನ ಫೈಲುಗಳನ್ನೂ ನೀವೇ ನೋಡ್ಕೊಂಡ್ಬಿಡ್ರೀ!"