ನಿಲ್ಲು ಅಂದರೂ ನಿಲ್ಲದ ನೀರಿನ ಸಂದೇಶ

ನಮ್ಮ ಮುಲುಂಡಿನ ಬಿಲ್ಡಿಂಗಿನಲ್ಲಿ ಲಿಫ್ಟಿನ ಪಕ್ಕ ಒಂದು ಕರಿಹಲಗೆ ಇತ್ತು. ನೀರು ಬಂದ್ ಆಗುವ ದಿನ ವಾಚ್‌ಮನ್ ತಿವಾರಿ ಅದರ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಓದಿದವರು ನೀರು ತುಂಬಿಕೊಳ್ಳುತ್ತಿದ್ದರು, ಓದದವರು ತಿವಾರಿಯನ್ನು ಬೈಯುತ್ತಿದ್ದರು. ಈ ಅನಾಗರಿಕ ಪದ್ಧತಿಯನ್ನು ಕೊನೆಗಾಣಿಸುವ ಐತಿಹಾಸಿಕ ಹೊಣೆ ನನ್ನ ಮೇಲಿದೆ ಎಂದು ನನಗೆ ಯಾಕೆ ಅನಿಸಿತೋ ಗೊತ್ತಿಲ್ಲ. ದಾದರಿನ ಆಫೀಸೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವವಳಿಗೆ ಇಷ್ಟು ಬಾರದೇ ಇರುತ್ತದೆಯೇ?

ಹಲಗೆ ತೆಗೆಸಿದೆ. ಸೊಸೈಟಿ ಆಫೀಸಿನ ಹಳೆ ಕಂಪ್ಯೂಟರಿನಲ್ಲಿ ಒಂದು ಕಂಟೇನರ್ ಕೂರಿಸಿದೆ. ಕಂಟೇನರ್ ಅಂದರೆ ಒಂದು ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿದ ಹಾಗೆ. ಬೇಕಾದಾಗ ಓಡಿಸಬಹುದು, ಸಾಕಾದಾಗ ನಿಲ್ಲಿಸಬಹುದು, ಬೇಡವಾದರೆ ತೆಗೆದು ಬಿಸಾಡಬಹುದು. ಹಾಗೆಂದು ಪುಸ್ತಕದಲ್ಲಿದೆ. ನನ್ನ ಡಬ್ಬಿಯ ಕೆಲಸ ಒಂದೇ: ನೀರಿನ ಸುದ್ದಿಯನ್ನು ನಲವತ್ತೆಂಟೂ ಮನೆಗಳ ಫೋನಿಗೆ ಕಳಿಸುವುದು. ನಮ್ಮ ಜನ ಒಂದು ಸಲ ಹೇಳಿದರೆ ಕೇಳುವವರಲ್ಲ ಎಂದು ಹತ್ತು ನಿಮಿಷಕ್ಕೊಮ್ಮೆ ಕಳಿಸುವಂತೆ ಮಾಡಿದ್ದೆ.

"ನಡುವ ನಿಂತ್ರ ಏನ್ ಮಾಡೋದ್ರೀ ವಹಿನಿ?" ಎಂದು ಕೇಳಿದ್ದರು ಸೆಕ್ರೆಟರಿ ಚೌಗುಲೆ ಕಾಕಾ. ಬೆಳಗಾವಿಯವರು, ನಾಲ್ಕನೇ ಮಹಡಿ; ನಾನು ಅವರಿಗೆ ವಹಿನಿ, ಅಂದರೆ ಅತ್ತಿಗೆ.

"ನಿಲ್ಲೂದಿಲ್ರಿ ಕಾಕಾ," ಎಂದಿದ್ದೆ, ಎದೆಯುಬ್ಬಿಸಿ.

ಆ ಮಾತನ್ನು ಡಬ್ಬಿ ನನಗಿಂತ ಗಂಭೀರವಾಗಿ ತೆಗೆದುಕೊಂಡಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಚಹಾ ಕುಡಿಯುತ್ತ, ಮನೆಯ ಲ್ಯಾಪ್‌ಟಾಪಿನಿಂದಲೇ ಕೊನೆಯ ಪರೀಕ್ಷೆಗೆ ಕುಳಿತೆ. "ಇಂದು ಹತ್ತು ಗಂಟೆಯಿಂದ ನೀರು ಬಂದ್. ತುಂಬಿಕೊಳ್ಳಿ." ಇದು ನನ್ನ ಫೋನಿಗೆ ಮಾತ್ರ ಬರಬೇಕಿತ್ತು. ನನ್ನ ನಂಬರಿನ ಪಟ್ಟಿಯ ಬದಲು ಎಲ್ಲರ ಪಟ್ಟಿ ಆರಿಸಿದ್ದು ಗೊತ್ತಾದದ್ದು ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆ, ಎಲ್ಲ ಕಡೆ ಒಟ್ಟಿಗೇ ನಳ ಬಿಟ್ಟ ಸದ್ದು ಕೇಳಿದಾಗ.

"ಸುಮಾ, ನೀರು ಬಂದ್ ಅಂತಲ್ಲ?" ಎನ್ನುತ್ತ ನಮ್ಮವರು ಬಚ್ಚಲಿನಿಂದ ಹೊರಬಂದರು. ಕೈಯಲ್ಲಿ ಬಕೆಟ್ಟಿತ್ತು.

"ನೀವೂ ತುಂಬ್ಲಿಕ್ಕೆ ಹತ್ತೀರೇನ್ರೀ? ಅದು ನಾನು ಸುಮ್ಮನ ಕಳ್ಸಿದ್ದು."

ಅವರು ನನ್ನನ್ನೂ ಬಕೆಟ್ಟನ್ನೂ ನೋಡಿದರು. "ಇವತ್ತ ಕಾಕಾನ ಮಗಳ ಸಾಖರಪುಡಾ ಅದ. ಕೆಳಗ ಸೊಸೈಟಿ ಹಾಲ್‌ನ್ಯಾಗ ಎಪ್ಪತ್ತು ಮಂದಿ ಊಟ. ಟ್ಯಾಂಕ್ ಖಾಲಿ ಆದ್ರ?"

ನನ್ನ ಚಹಾ ಅಲ್ಲೇ ತಣ್ಣಗಾಯಿತು. ಮುನಿಸಿಪಾಲ್ಟಿ ನೀರು ಇನ್ನು ಸಂಜೆಗೇ. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ದಹಿಸರದಿಂದ ಹನ್ನೊಂದೂವರೆಗೆ ಬರುವವರು. ಕಾಕಾ ಮೂರು ವರ್ಷ ಓಡಾಡಿ ಕೂಡಿಸಿದ ಸಂಬಂಧ ಅದು. ಅಡಿಗೆಯವರ ನಳಕ್ಕೂ ಅದೇ ಟ್ಯಾಂಕಿನ ನೀರು.

ತಕ್ಷಣ ಸೊಸೈಟಿಯ ವಾಟ್ಸ್ಯಾಪಿನಲ್ಲಿ ಬರೆದೆ: ಆ ಸಂದೇಶ ತಪ್ಪು, ನೀರು ತುಂಬಬೇಡಿ. ಅದರ ಬೆನ್ನಿಗೇ ನನ್ನ ಡಬ್ಬಿಯಿಂದ ಎರಡನೇ ಸಲ ಬಂತು: ತುಂಬಿಕೊಳ್ಳಿ. ಮೂರನೇ ಮಹಡಿಯ ಒಬ್ಬರು "ರಿಸ್ಕ್ ಕಶಾಲಾ?" ಎಂದು, ಅಂದರೆ ರಿಸ್ಕ್ ಯಾಕೆ ಎಂದು ಮರಾಠಿಯಲ್ಲಿ ಬರೆದು ಕೈಮುಗಿದರು. ಮನುಷ್ಯರ ಮಾತಿಗಿಂತ ಮಷೀನಿನ ಮಾತನ್ನು ನಂಬಿ ಎಂದು ಒಂದು ತಿಂಗಳಿನಿಂದ ಮನೆಮನೆಗೆ ಹೋಗಿ ಹೇಳಿಬಂದವಳು ನಾನೇ.

ಕಂಟೇನರಿಗೆ ನಿಲ್ಲು ಎಂದು ಅಪ್ಪಣೆ ಕೊಟ್ಟೆ. ಹತ್ತು ಸೆಕೆಂಡು ಯೋಚಿಸಿ ನಿಂತಿತು. ಉಸಿರು ಬಿಟ್ಟು, ಖಾತ್ರಿಗೆ ಇನ್ನೊಮ್ಮೆ ನೋಡಿದೆ. ಓಡುತ್ತಿತ್ತು! ಸರಿ, ತೆಗೆದೇ ಹಾಕೋಣ ಎಂದರೆ, ಓಡುತ್ತಿರುವುದನ್ನು ತೆಗೆಯಲಾಗದು, ಮೊದಲು ನಿಲ್ಲಿಸಿ ಎಂದಿತು. ನಿಲ್ಲಿಸಿದೆ. ಕನ್ನಡಕ ಒರೆಸಿಕೊಂಡು ಬರುವುದರೊಳಗೆ ಮತ್ತೆ ಓಡುತ್ತಿತ್ತು. ಕೊನೆಗೆ ಒತ್ತಾಯದಿಂದ ಕಿತ್ತೊಗೆಯುವ ಅಪ್ಪಣೆ ಕೊಟ್ಟೆ. ಹೋಯಿತು. ಪಟ್ಟಿಯೇ ಖಾಲಿ.

"ಹೋತು ನೋಡ್ರಿ ಪೀಡಾ," ಎಂದು ನಮ್ಮವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು. ಪಟ್ಟಿಯಲ್ಲಿ ಅದೇ ಹೆಸರಿನ ಹೊಸ ಕಂಟೇನರ್ ಇತ್ತು. ವಯಸ್ಸು ನಾಲ್ಕು ಸೆಕೆಂಡು.

ಒಟ್ಟು ಹನ್ನೊಂದು ಸಲ ಕಿತ್ತೆ. ಹನ್ನೊಂದು ಸಲವೂ ಎದ್ದು ಬಂತು. ಗಂಟೆ ಒಂಬತ್ತಾಯಿತು.

ಕೆಳಗಿಳಿದು ಆಫೀಸಿಗೆ ಓಡಿ ಕಂಪ್ಯೂಟರನ್ನೇ ಆರಿಸಿದೆ. ಶಾಂತಿ. ಎರಡು ನಿಮಿಷಕ್ಕೆ ತಿವಾರಿ ಬಂದ. "ಮೇಡಂ, ಗೇಟ್ ಕಾ ಕ್ಯಾಮೆರಾ ಬಂದ್ ಹೋ ಗಯಾ. ಆಜ್ ಮೆಹಮಾನ್ ಆನೇವಾಲೇ ಹೈಂ." ಅತಿಥಿಗಳು ಬರುವ ದಿನವೇ ಬಂದ್ ಆದ ಆ ಕ್ಯಾಮೆರಾ ಕೂಡ ಅದೇ ಕಂಪ್ಯೂಟರಿನಲ್ಲಿತ್ತು. ಆ ಏರ್ಪಾಟೂ ನನ್ನದೇ. ತಿರುಗಿ ಚಾಲು ಮಾಡಿದೆ. ಕ್ಯಾಮೆರಾಕ್ಕಿಂತ ಮೊದಲು ನನ್ನ ಡಬ್ಬಿ ಎದ್ದಿತು, ಎದ್ದದ್ದೇ ತಡ ಎಲ್ಲರಿಗೂ ನೀರು ತುಂಬಿಕೊಳ್ಳಲು ಹೇಳಿತು.

ಅಷ್ಟರಲ್ಲಿ ಚೌಗುಲೆ ಕಾಕಾ ಹೊಸ ಜುಬ್ಬಾದಲ್ಲೇ ಓಡಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. "ವಹಿನಿ, ಅಡಿಗಿಯವ್ರ ನಳದಾಗ ಗಾಳಿ ಬರಾಕತ್ತೇತಿ. ಅನ್ನಕ್ಕ ನೀರಿಲ್ಲ. ನಿಮ್ಮ ಮೆಸೇಜ್ ಖರೇ ಆತು ನೋಡ್ರಿ. ಏನ್ ಮಾಡ್ಲಿ ನಾ ಈಗ?"

ನೆಲ ಬಿರಿದು ನುಂಗಬಾರದೇ ಅನಿಸಿತು. ಆದರೆ ಅದು ಆಫೀಸಿನ ಟೈಲ್ಸು, ಬಿರಿಯಲಿಲ್ಲ. ಕಾಕಾ ತಲೆಯ ಮೇಲೆ ಕೈ ಹೊತ್ತು ಹಾಲ್ ಕಡೆ ಹೋದರು.

ನಮ್ಮವರು ನಿವೃತ್ತ ಗಣಿತ ಮೇಷ್ಟ್ರು. ಕಂಪ್ಯೂಟರ್ ಅಂದರೆ ಇಸ್ಪೀಟ್ ಆಡುವ ಪೆಟ್ಟಿಗೆ ಎಂದು ತಿಳಿದವರು. ನನ್ನ ಬೆನ್ನಿಗೇ ಇಳಿದು ಬಂದಿದ್ದ ಅವರು ಮೆಲ್ಲಗೆ ಅಂದರು, "ಸುಮಾ, ಅದು ತಾನ ಏಳ್ಲಿಕ್ಕೆ ಹತ್ತಿಲ್ಲ. ಪ್ರತಿ ಸಲ ಹೊಸಾದು ಬರ್ತದ ಅಂದ್ರ ಯಾರೋ ತರ್ಲಿಕ್ಕೆ ಹತ್ಯಾರ. ನೀ ಬಂದವನ್ನ ಹೊರಗ ಹಾಕ್ತಿ. ಕರಿಯಾವ್ನ ಯಾರು?"

ಕರೆಯುವವನು! ನೆನಪಾಯಿತು. ಕಾಕಾನ ಮುಂದೆ ಎದೆಯುಬ್ಬಿಸಿದ ಆ ರಾತ್ರಿಯೇ ನಾನು ಒಂದು ಚಿಕ್ಕ ಕಾವಲು ಪ್ರೋಗ್ರಾಮು ಬರೆದಿಟ್ಟಿದ್ದೆ. ನಿಮಿಷಕ್ಕೊಮ್ಮೆ ಇಣುಕಿ ನೋಡುವುದು, ಕಂಟೇನರ್ ನಿಂತಿದ್ದರೆ ಎಬ್ಬಿಸುವುದು, ಇಲ್ಲದಿದ್ದರೆ ಹೊಸದು ತರುವುದು, ಇಷ್ಟೇ ಅದರ ಕೆಲಸ. ಹುಡುಕಿ ತೆರೆದರೆ ಮೊದಲ ಸಾಲಿನಲ್ಲಿ ನನ್ನದೇ ಟಿಪ್ಪಣಿ: "ಇದನ್ನು ಯಾರೂ ಮುಟ್ಟಕೂಡದು. ಸುಮಾ." ಮುಟ್ಟಿದೆ. ಅಳಿಸಿದೆ. ಆಮೇಲೆ ಕಂಟೇನರನ್ನು ಕಿತ್ತೆ. ಒಂದು ನಿಮಿಷ ಕಾದೆವು. ಎರಡು. ಐದು. ಪಟ್ಟಿ ಖಾಲಿಯಾಗಿಯೇ ಇತ್ತು. ನಾನು ಕುರ್ಚಿಯಲ್ಲಿ ಕುಸಿದು ಅತ್ತೇಬಿಟ್ಟೆ, ಅಷ್ಟು ಹಗುರಾಯಿತು.

"ಆಮ್ಯಾಲ ಅಳು," ಎಂದರು ನಮ್ಮವರು. "ಕೆಳಗ ನೀರಿಲ್ಲ, ಖರೆ. ಆದ್ರ ನಲವತ್ತೆಂಟು ಮನ್ಯಾಗ ಬಕೆಟ್, ಪಾತೇಲಿ, ಕುಕ್ಕರ್ ಸುದ್ದಾ ತುಂಬಿ ಇಟ್ಟಾರ."

ನಾನು ಫೋನಿಗೆ ಕೈ ಹಾಕಿದೆ. "ಬ್ಯಾಡ, ನೀ ಇನ್ನ ಮೆಸೇಜ್ ಕಳಸಬ್ಯಾಡ," ಎಂದು ಅವರೇ ಹೋಗಿ ಒಂದೊಂದೇ ಮನೆಯ ಬೆಲ್ ಒತ್ತಿದರು.

ಹತ್ತೂವರೆಗೆ ಲಿಫ್ಟಿನಿಂದ ಬಕೆಟ್ಟುಗಳು ಇಳಿಯತೊಡಗಿದವು. ರಿಸ್ಕ್ ಕಶಾಲಾ ಎಂದವರು ಎರಡು ತಂದರು. ಅನ್ನವಾಯಿತು, ಆಮಟಿಯಾಯಿತು, ಕೈತೊಳೆಯಲೂ ನೀರು ಉಳಿಯಿತು. ಹುಡುಗನ ತಂದೆ ಇದನ್ನೆಲ್ಲ ನೋಡಿ, ಬೀಗರಿಗಾಗಿ ಇಡೀ ಬಿಲ್ಡಿಂಗೇ ನೀರು ಹೊರುವುದನ್ನು ದಹಿಸರದಲ್ಲಿ ಕಂಡಿಲ್ಲ ಎಂದು ಎರಡೆರಡು ಸಲ ಹೇಳಿದರಂತೆ.

ಊಟದ ನಂತರ ಕಾಕಾ ನನಗೆ ತೆಂಗಿನಕಾಯಿ ಕೊಟ್ಟು ಎಲ್ಲರ ಮುಂದೆ ಹೇಳಿದರು, "ವಹಿನಿ ಮುಂಜಾನೆ ತಿಳಿಸಿರ್ಲಿಲ್ಲಂದ್ರ ಇವತ್ತ ನೀರ ಇರ್ತಿರ್ಲಿಲ್ಲ."

"ಇರ್ತಿತ್ತು. ಟ್ಯಾಂಕಿನ್ಯಾಗ," ಎಂದರು ನಮ್ಮವರು, ನನಗಷ್ಟೇ ಕೇಳುವಂತೆ.

ತೆಂಗಿನಕಾಯಿ ಭಾರವಾಯಿತು. ಕಾಕಾನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನನ್ನು ನೋಡಿದರು. ಹಾಲ್‌ನಲ್ಲಿ ಮಗಳು ನಗುತ್ತಿದ್ದಳು, ಅದನ್ನೂ ನೋಡಿದರು. "ಇರ್ಲಿ ಬಿಡ್ರಿ ವಹಿನಿ. ಪಾರ ಆದ್ವಿ," ಎಂದು ತೆಂಗಿನಕಾಯಿಯನ್ನು ನನ್ನ ಕೈಯಲ್ಲೇ ಬಿಟ್ಟು, ತಿವಾರಿಯನ್ನು ಕರೆದರು.

ಮರುದಿನ ದಾದರಿನ ಆಫೀಸಿಗೆ ಹೊರಟಾಗ ಲಿಫ್ಟಿನ ಪಕ್ಕ ಕರಿಹಲಗೆ ತನ್ನ ಮೊಳೆಗೆ ಮರಳಿತ್ತು. ಅದರ ಮೇಲಿದ್ದ ಹಳೆಯ ನೀರಿನ ಸುದ್ದಿಯನ್ನು ತಿವಾರಿ ಅಂಗೈಯಿಂದ ಒಮ್ಮೆ ಒರೆಸಿದ. ಅಳಿಸಿಹೋಯಿತು. ಎರಡು ಲೋಕಲ್ ಟ್ರೇನ್ ತಪ್ಪಿದರೂ ತಪ್ಪಲಿ ಎಂದು ಐದು ನಿಮಿಷ ಅಲ್ಲೇ ನಿಂತು ನೋಡಿದೆ.

ತಿರುಗಿ ಬರಲಿಲ್ಲ.