ಗಿಣ್ಣು ಬಂತು, ಕರು ಬರಲಿಲ್ಲ

ನನ್ನ ಕೈಗೆ ಬೇರೆ ಯಾವ ಗುಣ ಇದೆಯೋ ಇಲ್ಲವೋ, ಗಿಣ್ಣು ಮಾಡುವ ಗುಣ ಇದೆ ಎಂದು ಅಜ್ಜಂಪುರದ ನಮ್ಮ ಬೀದಿಯೆಲ್ಲ ಹೇಳುತ್ತದೆ. (ನಮ್ಮ ಯಜಮಾನರು ಮಂಜಪ್ಪನವರನ್ನು ಬಿಟ್ಟು. ಅವರು ತಿನ್ನುವಾಗ ಮಾತಾಡುವುದಿಲ್ಲ, ತಿಂದ ಮೇಲೆ ಮಲಗುತ್ತಾರೆ.) ಈ ಕೀರ್ತಿಯೇ ನನ್ನನ್ನು ಹಳ್ಳಕ್ಕೆ ತಳ್ಳಿದ್ದು.

ಮಗಳು ವನಜಾಕ್ಷಿಯನ್ನು ಚೌಳಹಿರಿಯೂರಿಗೆ ಕೊಟ್ಟಿದ್ದೇವೆ. ಅವಳ ಅತ್ತೆ ಜವರಮ್ಮ, ನನ್ನ ಬೀಗಿತ್ತಿ, ಊಟದ ವಿಷಯದಲ್ಲಿ ಹೈಕೋರ್ಟು. ಮದುವೆ ಊಟದ ದಿನವೇ ನಮ್ಮ ಸಾರಿಗೆ ಉಪ್ಪು ಒಂದು ಚಿಟಿಕೆ ಜಾಸ್ತಿ ಎಂದು ತೀರ್ಪು ಕೊಟ್ಟವರು. ಅದರ ಮೇಲೆ ಅಪೀಲಿಲ್ಲ. ಅಂಥವರ ಮುಂದೆ ನಮ್ಮ ವನಜಾಕ್ಷಿ ಹೋಗಿ, "ನಮ್ಮಮ್ಮನ ಗಿಣ್ಣು ತಿನ್ಬೇಕು ಕಣತ್ತೆ" ಎಂದು ಹೊಗಳಿಕೊಂಡಿದ್ದಾಳೆ. ಅಂದಿನಿಂದ ಜವರಮ್ಮನ ಫೋನು ಬಂದರೆ ಮೊದಲು ನಮ್ಮ ಹಸುವಿನ ಕ್ಷೇಮ, ಆಮೇಲೆ ನಮ್ಮದು.

ಹಸು ಚೆಲುವಿ ತುಂಬು ಗಬ್ಬ. ಡಾಕ್ಟರು ಬಂದು ನೋಡಿ, ಇವತ್ತೋ ನಾಳೆಯೋ ಎಂದು ಹೇಳಿ ಹೋದರು. ಆ ಇವತ್ತೂ ಕಳೆಯಿತು, ನಾಳೆಯೂ ಕಳೆಯಿತು. ಚೆಲುವಿ ಮಾತ್ರ ಹುಲ್ಲು ಮೆಲ್ಲುತ್ತಾ, ನನಗೇನು ಅವಸರ ಎನ್ನುವ ಹಾಗೆ ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಫೋನು.

"ಶಂಕ್ರಮ್ಮಾರೇ, ನಿಮ್ಮ ಹಸು ಈಯೋದು ಯಾವಾಗ, ನಾನು ಗಿಣ್ಣು ತಿನ್ನೋದು ಯಾವಾಗ? ನಿಜವಾಗ್ಲೂ ಹಸು ಇದ್ಯೋ, ಇಲ್ಲ ನಿಮ್ಮ ಮಗಳು ಸುಮ್ನೆ ಹೇಳ್ತಾಳೋ?"

ಮಗಳ ಮಾತಿನ ಮೇಲೆ ಕೈಯಿಟ್ಟರೆ ಯಾವ ತಾಯಿ ಸುಮ್ಮನಿರುತ್ತಾಳೆ? "ಈದಾಯ್ತು ಕಣ್ರೀ! ಭಾನುವಾರ ಬಂದ್ಬಿಡಿ" ಎಂದುಬಿಟ್ಟೆ. ಫೋನಿಟ್ಟ ಮೇಲೆ ನಾಲಗೆ ಕಚ್ಚಿಕೊಂಡೆ. ಕಚ್ಚಿಕೊಂಡು ಏನು ಬಂತು? ಆಡುವ ಮೊದಲು ಕಚ್ಚಿಕೊಳ್ಳಬೇಕಿತ್ತು.

"ಲೇ, ನೀನು ಹೇಳ್ದೆ ಅಂತ ಅದು ಈಯ್ತದಾ?" ಎಂದು ನಮ್ಮವರು ಕೊಟ್ಟಿಗೆಯ ಕಡೆ ನೋಡಿದರು.

"ಎಲ್ಲಾದ್ರೂ ಗಿಣ್ಣು ಹಾಲು ಸಿಗ್ತದಾ ನೋಡ್ಕೊಂಡು ಬರ್ರೀ."

ಊರೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಅಜ್ಜಂಪುರದ ಹಸುಗಳೆಲ್ಲ ಸಭೆ ಸೇರಿ ಈ ವಾರ ಯಾರೂ ಈಯಬಾರದು ಎಂದು ತೀರ್ಮಾನ ಮಾಡಿದ್ದವು.

ಆಗ ನೆನಪಾದದ್ದು ಅಳಿಯ ಧನಪಾಲ್ ಕೊಟ್ಟಿದ್ದ ಪುಡಿ.

ನಮ್ಮ ಅಳಿಯಂದಿರು ಕಡೂರು, ತರೀಕೆರೆ ಕಡೆಯ ಬೇಕರಿಗಳಿಗೆ, ದೂರದ ಕಾರ್ಖಾನೆಗಳಿಗೆ ಬಗೆಬಗೆಯ ಪುಡಿ ಮಾರುತ್ತಾರೆ. ಈ ಕಡೆ ಬಂದಾಗ ನಮ್ಮ ಮನೆಯಲ್ಲೇ ಊಟ. ಊಟವಾದ ಮೇಲೆ ಪುಡಿಯ ಪುರಾಣ. ನಮ್ಮವರು ಮೊದಲ ಅಧ್ಯಾಯಕ್ಕೇ ಗೊರಕೆ ಹೊಡೆಯುತ್ತಾರೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಕಿವಿಗೆ ಯಾರೂ ಟಿ.ಸಿ. ಕೊಟ್ಟಿಲ್ಲವಲ್ಲ, ಕೂತು ಕೇಳುತ್ತೇನೆ.

"ಅತ್ತೆ, ಇದು ಫಾಸ್ಫೇಟು. ಇದರಲ್ಲೇ ಹತ್ತಾರು ಜಾತಿ. ನಮ್ಮ ಬೋರಿನ ನೀರು ಗಡಸು, ಸೋಪು ನೊರೇನೇ ಬರಲ್ಲ ಅಲ್ವಾ? ಆ ನೀರಲ್ಲಿರೋ ಸುಣ್ಣದಂಶಾನ ಇದು ಹಿಡ್ಕೊಂಡ್ಬಿಡ್ತದೆ. ಅದಕ್ಕೇ ಬಟ್ಟೆ ಒಗೆಯೋ ಪುಡೀಗೆ ಹಾಕ್ತಾರೆ. ಬಾಯ್ಲರಿಗೆ ಹಾಕಿದ್ರೆ ಒಳಗೆ ಗಾರೆ ಕಟ್ಟಲ್ಲ."

"ನಮ್ಮ ಹಂಡೇಲಿ ಕಟ್ತದಲ್ಲ, ಆ ಥರಾನಾ?"

"ಅದೇ. ಟೂತ್‌ಪೇಸ್ಟಿಗೆ ಹಾಕಿದ್ರೆ ಹಲ್ಲಿನ ಮೇಲೆ ಗಾರೆ ಕಟ್ಟಲ್ಲ. ಹೆಚ್ಚಿಟ್ಟ ಆಲೂಗಡ್ಡೆ ಕಪ್ಪಾಗಲ್ಲ. ಮೀನು ನೀರು ಬಿಡಲ್ಲ. ಕೇಕು ಉಬ್ಬಿಸೋದು ಇದರ ತಮ್ಮ ಇನ್ನೊಂದು ಫಾಸ್ಫೇಟು."

(ಇಷ್ಟೊಂದು ಕೆಲಸ ಒಬ್ಬರೇ ಮಾಡುವುದು ನಮ್ಮ ಮನೆಯಲ್ಲಿ ನಾನು ಮಾತ್ರ ಎಂದುಕೊಂಡಿದ್ದೆ.)

"ಅಲ್ಲ ಅಳಿಯಂದ್ರೇ, ಹಂಡೆಗೆ ಹಾಕೋದನ್ನ ಹೊಟ್ಟೆಗೂ ಹಾಕ್ತಾರಾ?"

"ಅಯ್ಯೋ, ತಿನ್ನೋಕೆ ಅಂತ ಶುದ್ಧ ಮಾಡಿದ್ದೇ ಬೇರೆ, ಕಾರ್ಖಾನೇದೇ ಬೇರೆ. ತಿನ್ನೋದೂ ಅಳತೆ ಮೀರಬಾರದು. ಕಿಡ್ನಿ ತೊಂದ್ರೆ ಇರೋರಂತೂ ಹುಷಾರಾಗಿರ್ಬೇಕು. ಈಗ ಇದು ನೋಡಿ, ಪುಡಿಂಗ್ ಮಿಶ್ರಣ. ಇದರಲ್ಲೂ ಅದೇ ಇದೆ."

ಒಂದು ಲೋಟ ತಣ್ಣನೆ ಹಾಲಿಗೆ ಒಂದು ಚಮಚ ಹಾಕಿ ತಿರುವಿದರು. ಒಲೆಯಿಲ್ಲ, ಬೆಂಕಿಯಿಲ್ಲ. ಸ್ವಲ್ಪ ಹೊತ್ತಿಗೆ ಲೋಟ ಬೋರಲು ಹಾಕಿದರೂ ಹಾಲು ಕೆಳಗೆ ಬೀಳಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹೋಗುವಾಗ ಒಂದು ಪೊಟ್ಟಣ ನನ್ನ ಕೈಗಿಟ್ಟು ಹೋಗಿದ್ದರು.

ಶನಿವಾರ ಅಡುಗೆಮನೆ ಬಾಗಿಲು ಹಾಕಿಕೊಂಡು ಪ್ರಯೋಗಕ್ಕೆ ಇಳಿದೆ. ಒಂದು ಚಮಚಕ್ಕೆ ಇಷ್ಟು ಗಟ್ಟಿಯಾದರೆ ಮೂರಕ್ಕೆ ಇನ್ನೆಷ್ಟು ಗಟ್ಟಿಯಾಗಬೇಡ ಎಂದು ಮೂರು ಹಾಕಿದೆ. ಮಾಡಿದ್ದನ್ನು ಮೊದಲು ಯಜಮಾನರಿಗೆ ನೈವೇದ್ಯ.

"ಬಟ್ಟೆ ಸೋಪು ನೆಕ್ಕಿದಂಗದೆ ಕಣೇ!"

"ಸೋಪು ಯಾವಾಗ್ರೀ ನೆಕ್ಕಿದ್ರಿ?"

"ಈಗ ತಾನೇ."

ಎರಡನೇ ಸಲ ಅಳಿಯ ಹೇಳಿದ ಅಳತೆಗೇ ಬಂದೆ. ಬೆಲ್ಲ ಕರಗಿಸಿ ಆರಿಸಿ ಹಾಕಿದೆ, ಏಲಕ್ಕಿ ಕುಟ್ಟಿ ಹಾಕಿದೆ, ಬಣ್ಣಕ್ಕೆ ಒಂದು ಚಿಟಿಕೆ ಅರಿಶಿನ. ತಟ್ಟೆಗೆ ಸುರಿದು ಬಿಟ್ಟರೆ, ಆಹಾ, ನೋಡಿ ನಾನೇ ಮೋಸಹೋದೆ.

ಭಾನುವಾರ ಜವರಮ್ಮ ಬಸ್ಸಿಳಿದು ಬಂದರು. ಕೈಕಾಲು ತೊಳೆದು ಕೂತರು. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನನ್ನ ಎದೆ ರಾಗಿ ಮಿಲ್ಲಿನ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಬೆಣ್ಣೆ ಕಣ್ರೀ! ಗಂಟಲಿಗೆ ಗೊತ್ತೇ ಆಗ್ದಂಗೆ ಜಾರ್ಕೊಂಡು ಹೋಗ್ತದೆ. ವನಜಾಕ್ಷಿ ಹೇಳಿದ್ದು ಕಮ್ಮೀನೇ ಆಯ್ತು."

ಹೈಕೋರ್ಟಿನಲ್ಲಿ ಗೆದ್ದೆ ಎಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಜವರಮ್ಮ ಚೀಲದಿಂದ ಒಂದು ಪುಟ್ಟ ಗೆಜ್ಜೆ ಸರ ತೆಗೆದರು. "ಎಲ್ಲಿ, ಕರು ತೋರಿಸಿ. ನನ್ನ ಕೈಯಾರೆ ಕಟ್ಟಬೇಕು."

"ಯಾವ ಕರು?" ಎಂದರು ನಮ್ಮವರು.

ಇಂಥ ಗಂಡನನ್ನು ಕಟ್ಟಿಕೊಂಡವಳು ಸುಳ್ಳು ಹೇಳಬಾರದು, ಅದನ್ನು ಕಾಯಲು ಆಳು ಸಾಲುವುದಿಲ್ಲ. ನಾನೇ ಬಾಯಿ ಹಾಕಿದೆ. "ದೃಷ್ಟಿಯಾಗ್ತದೆ ಅಂತ ಹೊರಗಿನೋರಿಗೆ ತೋರಿಸ್ತಿಲ್ಲ ಕಣ್ರೀ."

ಜವರಮ್ಮ ತಟ್ಟೆ ಕೆಳಗಿಟ್ಟರು. "ಹೊರಗಿನೋರಾ? ಮಗನ್ನೇ ಕೊಟ್ಟಿರೋಳು ನಾನು ಹೊರಗಿನೋಳಾ? ನನ್ನದು ಕೆಟ್ಟ ಕಣ್ಣಾ? ಆಗ್ಲಿ ಬಿಡಿ, ನಿಮ್ಮ ಮಗಳನ್ನ ಕೇಳ್ತೀನಿ."

ಇದು ವನಜಾಕ್ಷಿಯ ತಲೆಗೆ ಬಂತಲ್ಲಪ್ಪಾ ಎಂದು ಯಜಮಾನರಿಗೆ ಕಣ್ಣು ಹೊಡೆದೆ. ಮದುವೆಯಾದಾಗಿನಿಂದ ನನ್ನ ಒಂದು ಸನ್ನೆಯೂ ತಿಳಿಯದ ಮನುಷ್ಯನಿಗೆ ಅವತ್ತು ಮಾತ್ರ ತಿಳಿಯಿತು. ಹಿತ್ತಲ ಬಾಗಿಲಿನಿಂದ ಪಕ್ಕದ ಮನೆ ಭೈರೇಶನ ಕೊಟ್ಟಿಗೆಗೆ ಹೋದರು. ನಾನು ಬೀಗಿತ್ತಿಗೆ ಇನ್ನೊಂದು ತಟ್ಟೆ ಗಿಣ್ಣು ಕೊಟ್ಟು, ಚಳಿ, ಮಳೆ, ಈರುಳ್ಳಿ ಎಂದು ಲೋಕದ ಮಾತೆಲ್ಲ ಆಡಿ ಮುಗಿಸಿದೆ.

ಆಮೇಲೆ ಅವರನ್ನು ನಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನೋಡಿದರೆ ಭೈರೇಶನ ಕರು ನಿಂತಿದೆ. ನನ್ನ ಸೊಂಟದೆತ್ತರ ಇದೆ. ಹುಲ್ಲು ಬೇರೆ ತಿನ್ನುತ್ತಿದೆ.

"ಅಯ್ಯಯ್ಯೋ, ಇದಕ್ಕಾಗ್ಲೇ ಕೊಂಬು ಮೊಳೀತಾ ಇದೆಯಲ್ರೀ!" ಎಂದು ಜವರಮ್ಮ ಕಣ್ಣರಳಿಸಿದರು.

"ಅಮೃತಮಹಲ್ ತಳಿ ಕಣಮ್ಮಾ," ಎಂದರು ನಮ್ಮವರು, ಎದೆಯುಬ್ಬಿಸಿ. "ಅಜ್ಜಂಪುರದ್ದು. ಹುಟ್ತಾನೇ ಹಿಂಗೆ."

ಜವರಮ್ಮ ಗೆಜ್ಜೆ ಕಟ್ಟಲು ಬಗ್ಗಿದರು. ಕರು ಅವರ ಸೆರಗು ಬಾಯಿಗೆ ಹಾಕಿಕೊಂಡಿತು. ಸೆರಗು ಬಿಡಿಸಿ, ಗೆಜ್ಜೆ ಕಟ್ಟಿ ಮುಗಿಸುವ ಹೊತ್ತಿಗೆ ಗೋಡೆಯಾಚೆ ಅದರ ತಾಯಿ ಅಂಬಾ ಎಂದಿತು. ಕರು ಒಂದೇ ನೆಗೆತಕ್ಕೆ ಮೋಟುಗೋಡೆ ಹಾರಿ ಗೆಜ್ಜೆ ಸಮೇತ ತವರಿಗೆ ಹೋಯಿತು.

"ಆಟ ಆಡ್ತದೆ," ಎಂದೆ.

ಜವರಮ್ಮನ ಕಣ್ಣು ಚೆಲುವಿಯ ಹೊಟ್ಟೆಯ ಮೇಲೆ ನಿಂತಿತ್ತು. "ಈದ ಹಸು ಅಂತೀರಿ, ಹೊಟ್ಟೆ ಇನ್ನೂ ಡೊಳ್ಳಿನ ಥರ ಅದೆಯಲ್ಲ?"

"ಬಾಣಂತಿ ಗಾಳಿ ಕಣ್ರೀ. ವನಜಾಕ್ಷಿ ಹುಟ್ಟಿದಾಗ ನನಗೂ ಹಂಗೇ ಇತ್ತು."

ಹೆಂಗಸರ ವಿಷಯವೆಂದು ನಮ್ಮವರು ಅತ್ತ ತಿರುಗಿದರು. ಜವರಮ್ಮ ನಂಬಿದರೋ, ಬಾಯಲ್ಲಿದ್ದ ಗಿಣ್ಣು ಅವರನ್ನು ನಂಬಿಸಿತೋ, ಡಬ್ಬಿ ತುಂಬಿಸಿಕೊಂಡು ಬಸ್ಸು ಹತ್ತಿದರು.

ಆ ಬಸ್ಸು ಊರು ದಾಟಿದ್ದನ್ನು ಖಾತ್ರಿ ಮಾಡಿಕೊಂಡ ಹಾಗೆ, ಮರುದಿನ ಬೆಳಿಗ್ಗೆ ಚೆಲುವಿ ಕರು ಹಾಕಿತು. ಮುದ್ದಾದ ಹೆಣ್ಣು ಕರು. ಅದು ಹೊಟ್ಟೆ ತುಂಬ ಕುಡಿದ ಮೇಲೆ ಮಿಕ್ಕ ಹಾಲು ಕರೆದೆ. ಪುಡಿಗೆ ಬಂದ ಹೊಗಳಿಕೆಯನ್ನು ನಾನು ಇಟ್ಟುಕೊಂಡಿರುವುದು ಮನಸ್ಸಿಗೆ ಚುಚ್ಚುತ್ತಿತ್ತು. ನಿಜವಾದದ್ದನ್ನು ತಿನ್ನಿಸಿದರೆ ಸರಿಹೋಯಿತು ಎಂದು, ಹಬೆಯಲ್ಲಿ ಬೇಯಿಸಿ, ಜನ್ಮದಲ್ಲಿ ಮಾಡದಂಥ ಗಿಣ್ಣು ಮಾಡಿದೆ. ಉಳಿದ ಹಾಲಿನದು ಎಂದು ಹೇಳಿ ಯಜಮಾನರ ಕೈಯಲ್ಲಿ ಚೌಳಹಿರಿಯೂರಿಗೆ ಕಳಿಸಿದೆ.

ಸಂಜೆ ಫೋನು ಬಂತು. ಹೊಗಳಿಕೆಗೆ ಸಿದ್ಧಳಾಗಿ ಗೋಡೆಗೆ ಒರಗಿ ಕೂತು ಎತ್ತಿಕೊಂಡೆ.

"ಶಂಕ್ರಮ್ಮಾರೇ, ಏನಿದು? ತೂತು ತೂತು, ಹಸೀ ವಾಸ್ನೆ. ಇದಕ್ಕೆ ಅಂಗಡಿ ಪುಡಿ ಬೆರೆಸಿದೀರಿ!"

"ಇಲ್ಲ ಕಣ್ರೀ, ಇದು..."

"ನನ್ನ ನಾಲಗೆಗೆ ಮೋಸ ಮಾಡೋಕಾಗಲ್ಲ. ನನ್ನ ಮಗನೇ ಪುಡಿ ಮಾರೋನು, ನನಗೆ ಗೊತ್ತಾಗಲ್ವಾ? ನಿಜವಾದ ಗಿಣ್ಣು ಅಂದ್ರೆ ಭಾನುವಾರದ್ದು."

ಹಿಂದಿನಿಂದ ವನಜಾಕ್ಷಿಯ ದನಿ: "ಅಮ್ಮಾ, ನನ್ನ ಮರ್ಯಾದೆ ತೆಗೆದ್ಬಿಟ್ಟೆ."

ನಾನು ಯೋಚಿಸಿದೆ. ಇದು ನಿಜ ಎಂದರೆ ಅದು ಸುಳ್ಳೆನ್ನಬೇಕು. ಅದು ಸುಳ್ಳೆಂದರೆ ಕರು, ಕೊಂಬು, ಬಾಣಂತಿ ಗಾಳಿ ಎಲ್ಲ ಮೆರವಣಿಗೆ ಹೊರಡುತ್ತವೆ. ಕಡೆಗೆ ಮಗಳು ಆ ಮನೆಯಲ್ಲಿ ಬಾಳಬೇಕಲ್ಲ ಎಂದು ಹೇಳಿದೆ: "ಹ್ಞೂಂ ಕಣ್ರೀ. ಹಾಲು ಸಾಲ್ಲಿಲ್ಲ, ಒಂಚೂರು ಪುಡಿ ಹಾಕ್ದೆ. ತಪ್ಪಾಯ್ತು."

"ಹಂಗೆ ಒಪ್ಕೊಳ್ಳಿ," ಎಂದರು ಜವರಮ್ಮ, ಮನಸ್ಸು ಕರಗಿ. "ವಯಸ್ಸಾದೋರು, ಆಗ್ತದೆ. ಇನ್ಮೇಲೆ ನಮ್ಮ ಮನೆಗೆ ಮಾತ್ರ ಅಸಲಿ ಕಳಿಸಿ."

ಭಾನುವಾರದ ಡಬ್ಬಿಯ ರುಚಿ ನೋಡಿದಾಗಲೇ ಗುಟ್ಟು ಹಿಡಿದಿದ್ದ ಅಳಿಯಂದಿರು ಈಗ ಬಂದಾಗಲೆಲ್ಲ ಒಂದು ಪೊಟ್ಟಣ ಅಡುಗೆಮನೆಯಲ್ಲಿಟ್ಟು ಹೋಗುತ್ತಾರೆ. ಅದು ಡಬ್ಬಿ ತುಂಬಿ ಚೌಳಹಿರಿಯೂರಿಗೆ ಹೋಗುತ್ತದೆ. ಅವತ್ತು ಉಳಿದಿದ್ದ ನಿಜವಾದ ಗಿಣ್ಣನ್ನು ನಾನೂ ಯಜಮಾನರೂ ಕಳ್ಳರ ಹಾಗೆ ಬಾಗಿಲು ಹಾಕಿಕೊಂಡು ತಿನ್ನಲು ಕೂತೆವು. ನಮ್ಮವರು ಎರಡು ತುತ್ತು ತಿಂದು, ಗಿಣ್ಣು ತಿನ್ನುವಾಗ ಎಂದೂ ಬಾಯಿ ಬಿಡದವರು, ಅವತ್ತು ಬಿಟ್ಟರು.

"ಬೇಜಾರ್ ಮಾಡ್ಕೋಬೇಡ ಕಣೇ. ಜವರಮ್ಮಾರು ಹೇಳಿದ್ರಲ್ಲೂ ಒಂಚೂರು ನಿಜ ಅದೆ."

ಅವರ ತಟ್ಟೆಯನ್ನೂ ನಾನೇ ಎಳೆದುಕೊಂಡು ಖಾಲಿ ಮಾಡಿದೆ.