ಮೂರ್ತಪ್ಪನ ಗಿಟಾರು ಮತ್ತು ಇತರ ಸಾಮಾನು

ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಎದ್ದು ಹೋಗಿದ್ದರೆ ಮೂರ್ತಪ್ಪ ಅವತ್ತು ಸಂಜೆ ಮೈಮೇಲಿನ ಅಂಗಿಯ ಸಮೇತ ಮನೆ ಸೇರುತ್ತಿದ್ದ. ಆದರೆ ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಚೀಲ ತೂಗುತ್ತಿದ್ದ ಈ ಮನುಷ್ಯನಿಗೆ ತಕ್ಕಡಿಯ ಮುಳ್ಳು ನಿಲ್ಲಿಸಲು ಬರುತ್ತಿತ್ತೇ ಹೊರತು ನಾಲಗೆ ನಿಲ್ಲಿಸಲು ಬರುತ್ತಿರಲಿಲ್ಲ.

ಅವತ್ತು ಯಾರ್ಡಿನ ಗಣಪತಿಯ ಮುಂದೆ ಆರ್ಕೆಸ್ಟ್ರಾ ಇತ್ತು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ನಾಗರಾಜಪ್ಪ ಅದರ ಯಜಮಾನ, ಹಾರ್ಮೋನಿಯಂ ಅವನದೇ. ಗಿಟಾರಿಗೆ ಮಾತ್ರ ಚಿತ್ರದುರ್ಗದಿಂದ ಶಿವಕುಮಾರಪ್ಪ ಬರುತ್ತಿದ್ದ. ಅವನದು ಬೆಂಗಳೂರಿನಲ್ಲಿ ಕೊಂಡ ಕೆಂಪು ಎಲೆಕ್ಟ್ರಿಕ್ ಗಿಟಾರು, ಜೊತೆಗೆ ಪೆಠಾರಿಯಂಥ ಆಂಪ್ಲಿಫೈಯರು. ಮೂರ್ತಪ್ಪನಿಗೂ ಒಂದು ಗಿಟಾರಿತ್ತು. ಚಹಾಪುಡಿ ಬರುವ ಪೆಟ್ಟಿಗೆಯ ಪ್ಲೈವುಡ್ಡಿನಲ್ಲಿ ಊರ ಬಡಗಿ ಮಾಡಿಕೊಟ್ಟದ್ದು. ಪ್ರತಿ ಗಣಪತಿಗೂ ಅವನು ಅದನ್ನು ತಂದು ಗೋಡೆಗೆ ಒರಗಿಸುವುದು, ನಾಗರಾಜಪ್ಪ ಮುಂದಿನ ಸಲ ನೋಡೋಣವೆಂದು ಅವನ ತಲೆಗೆ ಆಂಪ್ಲಿಫೈಯರು ಹೊರಿಸುವುದು, ಹೀಗೇ ನಡೆದಿತ್ತು.

ಈ ಸಲ ಹಾಗೆ ನಡೆಯುವಂತಿರಲಿಲ್ಲ. ಗಂಡ ಸ್ಟೇಜಿನ ಮೇಲೆ ಕೂತು ನುಡಿಸುತ್ತಾನೆಂದು ಹೆಂಡತಿ ಜಯಕ್ಕ ತಾಳ್ಯದ ತವರಿಗೆ ಹೇಳಿ ಕಳಿಸಿಬಿಟ್ಟಿದ್ದಳು. ಅತ್ತೆ ಪಾಲಮ್ಮ ಸಂಜೆಯ ಬಸ್ಸಿಗೆ ಬರುವವಳಿದ್ದಳು. ಯುಗಾದಿಗೆ ಅವಳೇ ಕೊಡಿಸಿದ್ದ ಹಳದಿ ಚೌಕಳಿಯ ಅಂಗಿಯನ್ನು ಮೂರ್ತಪ್ಪ ಬೆಳಿಗ್ಗೆಯೇ ತೊಟ್ಟು ಬಂದಿದ್ದ. ಕಣ್ಣಿಗೆ ಪೊರೆ ಬಂದವರಿಗೂ ಕಾಣುವಂಥ ಹಳದಿ ಅದು.

ಮಂಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಶಿವಕುಮಾರಪ್ಪ, ನಾದವೆಲ್ಲ ನುಡಿಸುವವನ ಕೈಯಲ್ಲಿರುತ್ತದೆ, ವಾದ್ಯ ಬರೀ ಕಟ್ಟಿಗೆ ಎಂದು ಸಹಜವಾಗಿ ಹೇಳಿದ. ಮೂರ್ತಪ್ಪನಿಗೆ ಕೆಂಪು ಗಿಟಾರನ್ನು ಒಮ್ಮೆಯಾದರೂ ಮುಟ್ಟಬೇಕೆಂಬ ಆಸೆ ಎಷ್ಟೋ ದಿನದ್ದು.

"ಕೈಯಾಗೆ ಏನೈತೆ ಬಿಡ್ರಿ ಸಾರ್," ಎಂದ. "ಎಲ್ಲಾ ಇರೋದು ಗಿಟಾರ್‌ನಾಗೆ. ಅದನ್ನ ನನ್ ಕೈಗೆ ಕೊಡ್ರಿ, ನಾನೂ ನಿಮ್ಮಂಗೇ ನುಡಿಸ್ತೀನಿ."

ಹಮಾಲರು ಚೀಲ ಇಳಿಸಿ ಸುತ್ತ ನಿಂತರು. ಅಡಿಕೆಗೆ ಬಣ್ಣ ಬರುವುದು ಅದನ್ನು ಬೇಯಿಸುವ ಚೊಗರಿನಿಂದ ಎಂದ ಒಬ್ಬ. ಬೇಯಿಸುವವರ ಕೈಯಿಂದ ಎಂದ ಇನ್ನೊಬ್ಬ. ಹಂಡೆಯನ್ನು ಯಾಕೆ ಬಿಡುತ್ತೀರಿ ಎಂದು ಮೂರನೆಯವನು ಕೇಳಿದ. ಗಿಟಾರು ಮರೆತುಹೋಗುವ ಹೊತ್ತಿಗೆ ದಲಾಲಿ ದುರುಗಣ್ಣ ಹೆಗಲ ಮೇಲಿನ ಟವೆಲ್ ತೆಗೆದ.

ಯಾರ್ಡಿನಲ್ಲಿ ಅಡಿಕೆಯಾಗಲಿ ಕುರಿಯಾಗಲಿ, ದರ ತೀರ್ಮಾನವಾಗುತ್ತಿದ್ದದ್ದು ಟವೆಲ್ ಕೆಳಗೆ. ಕೊಳ್ಳುವವನೂ ಮಾರುವವನೂ ಅದರಡಿ ಬೆರಳು ಹಿಡಿದು ಒಪ್ಪಿಕೊಂಡರೆ ಮುಗಿಯಿತು. ಟವೆಲ್ ಎತ್ತಿದ ಮೇಲೆ ಮಾತು ತಿರುಗಿಸಿದವನ ಮುಂದೆ ಮತ್ತೆ ಯಾರೂ ಟವೆಲ್ ಹಾಸುತ್ತಿರಲಿಲ್ಲ. ಇಬ್ಬರೂ ಮರೆಯಲ್ಲಿ ಕೂತು ಎರಡೂ ಗಿಟಾರು ನುಡಿಸಬೇಕು, ಯಾರ್ಡಿನವರು ಯಾರು ನುಡಿಸಿದ್ದನ್ನು ಮೆಚ್ಚುತ್ತಾರೋ ಅವನ ಮಾತೇ ಖಾಯಂ ಎಂದ ದುರುಗಣ್ಣ. ಇಬ್ಬರೂ ಟವೆಲ್ ಕೆಳಗೆ ಕೈ ಕೊಟ್ಟರು. ಗೆದ್ದವನಿಗೆ ಸ್ಟೇಜು ಸಿಗುತ್ತದೆಂದು ಮೂರ್ತಪ್ಪ ತನ್ನಷ್ಟಕ್ಕೆ ತಾನೇ ಅಂದುಕೊಂಡ. ಅದನ್ನು ಬಾಯಿಬಿಟ್ಟು ಕೇಳಿಕೊಳ್ಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಕುರಿ ಮಾರಲು ಬಂದವರ ಕಂಬಳಿಯನ್ನು ಎರಡು ಕಂಬಗಳ ನಡುವೆ ಕಟ್ಟಿದರು. ಮೊದಲು ಶಿವಕುಮಾರಪ್ಪ ಕೆಂಪು ಗಿಟಾರು ನುಡಿಸಿದ. ಜನ ತಲೆದೂಗಿದರು. ಅದೇ ಗಿಟಾರನ್ನು ಮೂರ್ತಪ್ಪ ಮುಟ್ಟಿದ್ದೇ ತಡ ಆಂಪ್ಲಿಫೈಯರು ಊಳಿಟ್ಟು, ಗೋದಾಮಿನ ಪಾರಿವಾಳಗಳೆಲ್ಲ ಎದ್ದು ಹೋದವು. ಆಮೇಲೆ ಶಿವಕುಮಾರಪ್ಪ ಪ್ಲೈವುಡ್ ಗಿಟಾರು ಎತ್ತಿಕೊಂಡ. ತಳ ಹಿಡಿದ ಪಾತ್ರೆ ಕೆರೆದ ಹಾಗೆ ಕೇಳಿಸಿತು.

ಕೊನೆಗೆ ಮೂರ್ತಪ್ಪ ಖಾಲಿ ಎಣ್ಣೆ ಡಬ್ಬದ ಮೇಲೆ ಕೂತು, ಜೇಬಿನಿಂದ ಮುರಿದ ಬಾಚಣಿಗೆಯ ಚೂರು ತೆಗೆದು, ಅದರಲ್ಲೇ ತಂತಿ ಮೀಟಿ ತನ್ನ ಗಿಟಾರು ನುಡಿಸಿದ. ಮುಖಗಳು ಕಾಣದ್ದಕ್ಕೋ ಏನೋ, ಅವನಿಗೆ ಹೆದರಿಕೆಯೇ ಆಗಲಿಲ್ಲ. ಆಚೆ ಗೋಣಿಚೀಲ ಹೊಲಿಯುತ್ತಿದ್ದವರ ಕೈಗಳು ನಿಂತವು. ಯಾರೂ ನಗದೆ ಇರುವಾಗ ತನ್ನ ವಾದ್ಯ ಹೇಗೆ ಕೇಳಿಸುತ್ತದೆಂದು ಮೂರ್ತಪ್ಪನಿಗೆ ಗೊತ್ತಾದದ್ದು ಅವತ್ತೇ. ಅವನಿಗೆ ಕಣ್ಣು ತುಂಬಿ ಬಂತು.

ಕೊನೆಯದೇ ಸರಿ ಎಂದರು ಎಲ್ಲರೂ. ಕಂಬಳಿ ಸರಿಸಿದರೆ ಮೂರ್ತಪ್ಪ. ನಾಗರಾಜಪ್ಪ ಓಡಿ ಬಂದು ಅವನ ಬೆನ್ನು ತಟ್ಟಿದ.

"ಗೆದ್ದೆ ಕಣಪ್ಪ. ನಿನ್ ಮಾತೇ ನಿಜ, ಎಲ್ಲಾ ಗಿಟಾರ್‌ನಾಗೇ ಐತೆ. ಕೊಡು ಇತ್ಲಾಗೆ."

ಇಸಿದುಕೊಂಡವನು ಅದನ್ನು ಶಿವಕುಮಾರಪ್ಪನ ಕೈಗೆ ಕೊಟ್ಟ. ಎಲ್ಲ ಹಾಡೂ ಬರುವುದು ಅವನಿಗೆ ತಾನೇ.

"ಮತ್ತೆ ನಾನು?" ಎಂದ ಮೂರ್ತಪ್ಪ.

"ಕೈಯಾಗೆ ಏನೂ ಇಲ್ಲ ಅಂತ ನೀನೇ ಅಂದ್ಯಲ್ಲಪ್ಪ."

ಶಿವಕುಮಾರಪ್ಪ ನುಡಿಸಿದ. ಮತ್ತದೇ ತಳ ಹಿಡಿದ ಪಾತ್ರೆ. ಜನರಿಗೆ ಸೋಜಿಗವಾಯಿತು. ಗಿಟಾರು ಅದೇ, ನಾದ ಎಲ್ಲಿ ಹೋಯಿತು? ಒಂದು ವೇಳೆ ಕೈಯಲ್ಲೂ ಏನಾದರೂ ಇರಬಹುದೇನೋ ಎಂದು ಮೂರ್ತಪ್ಪ ಬಾಯಿ ತೆಗೆದ. ದುರುಗಣ್ಣ ಟವೆಲ್ಲನ್ನು ಹೆಗಲ ಮೇಲೆ ನಿಧಾನವಾಗಿ ಸರಿಮಾಡಿಕೊಂಡ. ಮೂರ್ತಪ್ಪ ಬಾಯಿ ಮುಚ್ಚಿದ.

ಕೈಯಲ್ಲವೆಂದ ಮೇಲೆ ಬೇರೆ ಯಾವುದೋ ಸಾಮಾನಿರಬೇಕು ಎಂದು ಯಾರ್ಡಿಗೆ ಯಾರ್ಡೇ ಹುಡುಕತೊಡಗಿತು. ಬಾಚಣಿಗೆಯ ಚೂರು ಕೊಡಿಸಿದರು. ಸ್ವಲ್ಪ ವಾಸಿ ಎಂದರು. ಎಣ್ಣೆ ಡಬ್ಬದ ಮೇಲೆ ಕೂರಿಸಿದರು. ಇನ್ನೂ ಸ್ವಲ್ಪ ವಾಸಿ ಎಂದರು. ಮೂರ್ತಪ್ಪನ ಕಿವಿಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಆದರೆ ಗೆದ್ದದ್ದು ಅವನದೇ ಮಾತು, ಅಲ್ಲಗಳೆಯುವುದು ಹೇಗೆ? ಅಷ್ಟರಲ್ಲಿ ಹಮಾಲನೊಬ್ಬ, ನುಡಿಸುವಾಗ ಮೂರ್ತಪ್ಪನ ಅಂಗಿಯ ಗುಂಡಿ ಗಿಟಾರಿನ ಬೆನ್ನಿಗೆ ತಾಗುತ್ತಿರುತ್ತದೆ ಎಂದ. ಎಲ್ಲರೂ ಮೂರ್ತಪ್ಪನ ಕಡೆ ತಿರುಗಿದರು. ಆ ಹೊತ್ತಿಗೆ ಅವನಿಗೂ ಕುತೂಹಲ ತಡೆಯದೆ, ತಾನೇ ಗುಂಡಿ ಬಿಚ್ಚಿದ.

ಸಂಜೆ ಸ್ಟೇಜಿನ ಮೇಲೆ ಮೂರ್ತಪ್ಪನ ಗಿಟಾರಿತ್ತು, ಬಾಚಣಿಗೆಯ ಚೂರಿತ್ತು, ಎಣ್ಣೆ ಡಬ್ಬವಿತ್ತು, ಹಳದಿ ಚೌಕಳಿಯ ಅಂಗಿಯಿತ್ತು. ಅಷ್ಟೂ ಶಿವಕುಮಾರಪ್ಪನ ವಶದಲ್ಲಿತ್ತು, ಅಂಗಿ ಅವನ ಮೈಮೇಲೆ. ಅವನು ತಲೆ ಬಗ್ಗಿಸಿ ಕೆರೆಯುತ್ತಿದ್ದದ್ದು ಮೈಕಿನಲ್ಲಿ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಬನಿಯನ್ನಿನಲ್ಲಿ ಉಳಿದ ಮೂರ್ತಪ್ಪ ಸ್ಟೇಜಿನ ಹಿಂದೆ ಆಂಪ್ಲಿಫೈಯರು ಕಾಯುತ್ತಿದ್ದ.

ಕತ್ತಲಾಗುವ ಮೊದಲೇ ಬಳೆಯ ಸದ್ದಾಯಿತು. ತಾಯಿಯ ಕೈ ಹಿಡಿದುಕೊಂಡು ಜಯಕ್ಕ ಸ್ಟೇಜಿನ ಹಿಂದಿನ ದಾರಿಯಲ್ಲೇ ಬರುತ್ತಿದ್ದಳು. ಮೂರ್ತಪ್ಪ ಮರೆಗೆ ಕಟ್ಟಿದ್ದ ಅದೇ ಕಂಬಳಿ ಹೊದ್ದು ಗೋಡೆಗೆ ಅಂಟಿ ನಿಂತ. ಕಂಬಳಿಯ ಕೆಳಗೆ ಕಾಣುತ್ತಿದ್ದ ಪಾದಗಳನ್ನು ಜಯಕ್ಕ ನೋಡಿದಳು. ಪೊರೆ ಬಂದ ಪಾಲಮ್ಮನ ಕಣ್ಣು ಮಾತ್ರ ಸ್ಟೇಜಿನ ಮೇಲಿನ ಹಳದಿ ಬಣ್ಣದಲ್ಲೇ ನಾಟಿತ್ತು. ಅವಳು ನಿಂತು ಒಂದು ಹಾಡು ಪೂರ್ತಿ ಕೇಳಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಅಂಗಿ ಏನೋ ಚೆನ್ನಾಗೇ ಐತೆ ಕಣೇ ಜಯಾ," ಎಂದಳು. "ನಿನ್ ಗಂಡನ ಕೈಯೇ ಸರಿಯಿಲ್ಲ."